ಭಾಷಣ ಬೇಡ, ಸಹಿ ತೋರಿಸಿ

(ಅಮೆರಿಕದ ಚುನಾವಣೆಗಳ ಬಗ್ಗೆ ನಾನು ಮಾಡಿದ ಉಪನ್ಯಾಸ ಇದು. ಬಂದಿದ್ದ ಕೆಲವರು ಬರೆದುಕೊಡಿ ಅಂದರು. ಮಾತಾಡಿದ ಹಾಗೇ ಇಟ್ಟಿದ್ದೇನೆ, ಓದುವಾಗ ತೊಡಕು ಅನ್ನಿಸಿದ ಕಡೆ ಮಾತ್ರ ತಿದ್ದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಾನು ಯಾವ ಕಡೆ ಅನ್ನೋದನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಡೆಮಾಕ್ರಟರ ಪರ. ಇವತ್ತು ಮಾತಾಡುವುದು ರಿಪಬ್ಲಿಕನ್ ಪಕ್ಷದ ಸಂಪ್ರದಾಯವಾದಿ ಅಭ್ಯರ್ಥಿಗಳ ವಿರುದ್ಧ. ಇದನ್ನು ಮುಚ್ಚಿಟ್ಟು "ನಾನು ಯಾರ ಕಡೆಯೂ ಅಲ್ಲ" ಅಂತ ಶುರು ಮಾಡಿದರೆ ನಿಮಗೂ ಮೋಸ, ನನಗೂ ಮೋಸ. ಆದರೆ ಒಂದು ಮಾತು ಕೊಡುತ್ತೇನೆ. ಅವರ ಬಟ್ಟೆ, ಮುಖ, ಮನೆ, ಮಾತಿನ ಧಾಟಿ, ಇವು ಯಾವುದರ ಬಗ್ಗೆಯೂ ನಾನು ಮಾತಾಡುವುದಿಲ್ಲ. ಅವರು ಯಾವ ಕಾಗದಕ್ಕೆ ಸಹಿ ಹಾಕಿದರು, ಯಾವ ಮಸೂದೆಗೆ ಕೈ ಎತ್ತಿದರು, ಅದಾದ ಮೇಲೆ ಜನರಿಗೆ ಏನಾಯಿತು, ಅಷ್ಟೇ.

ಯಾಕೆ ಹೀಗೆ ಅಂದರೆ, ನಮ್ಮ ಕಡೆಯವರು ಮಾಡುವ ಟೀಕೆ ನನಗೇ ಬೇಸರ ತರಿಸಿದೆ. ಒಬ್ಬ ಅಭ್ಯರ್ಥಿ ವೇದಿಕೆಯಲ್ಲಿ ಏನೋ ಒಂದು ಮಾತು ಆಡುತ್ತಾರೆ, ಮೂರು ದಿನ ಅದರ ಮೇಲೇ ಕೂಗಾಟ, ನಾಲ್ಕನೇ ದಿನ ಇನ್ನೊಂದು ಮಾತು. ಈ ಗಲಾಟೆಯ ನಡುವೆ ಅವರು ಗವರ್ನರ್ ಆಗಿದ್ದಾಗ ಏನು ಮಾಡಿದರು, ಸೆನೆಟ್‌ನಲ್ಲಿ ಹೇಗೆ ಮತ ಹಾಕಿದರು ಅನ್ನೋದು ಯಾರಿಗೂ ನೆನಪೇ ಇರುವುದಿಲ್ಲ. ಅವರಿಗೆ ಬೇಕಾಗಿರೋದೂ ಅದೇ, ಅಲ್ವಾ? ಬೈದರೆ ಅವರ ಬೆಂಬಲಿಗರು ಇನ್ನಷ್ಟು ಗಟ್ಟಿಯಾಗುತ್ತಾರೆ. ದಾಖಲೆ ಮುಂದಿಟ್ಟರೆ ಅವರೇ ಉತ್ತರ ಹುಡುಕಬೇಕಾಗುತ್ತದೆ.

ಸಂಪ್ರದಾಯವಾದಿಗಳ ಅತಿ ದೊಡ್ಡ ಮಾತು ಯಾವುದು? ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು. ಸರ್ಕಾರ ಮಿತವಾಗಿ ಖರ್ಚು ಮಾಡಬೇಕು, ಸಾಲ ಮಾಡಬಾರದು, ಜನರ ದುಡ್ಡು ಜನರ ಕೈಯಲ್ಲೇ ಇರಬೇಕು. ಒಳ್ಳೆಯ ಮಾತೇ. ನಾನು ಈ ಮಾತಿಗೆ ಗೌರವ ಕೊಡುತ್ತೇನೆ. ಅದಕ್ಕೇ ಅದೇ ಅಳತೆಗೋಲಿನಿಂದ ಅವರನ್ನು ಅಳೆಯೋಣ ಅಂತಿದ್ದೇನೆ.

ಕ್ಯಾನ್ಸಸ್‌ಗೆ ಹೋಗೋಣ. ನಾನು ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ಇಷ್ಟು ಸ್ಪಷ್ಟವಾದ ಉದಾಹರಣೆ ಬೇರೆ ಸಿಗುವುದಿಲ್ಲ.

ಸ್ಯಾಮ್ ಬ್ರೌನ್‌ಬ್ಯಾಕ್ ಆ ರಾಜ್ಯದಿಂದ ಸೆನೆಟರ್ ಆಗಿದ್ದವರು. 2010ರಲ್ಲಿ ಗವರ್ನರ್ ಆಗಿ ಗೆದ್ದರು. 2012ರ ಮೇ ತಿಂಗಳಲ್ಲಿ ಒಂದು ದೊಡ್ಡ ತೆರಿಗೆ ಕಡಿತದ ಕಾನೂನಿಗೆ ಸಹಿ ಹಾಕಿದರು. ಆದಾಯ ತೆರಿಗೆಯ ಅತಿ ಹೆಚ್ಚಿನ ದರ ಶೇ. 6.45ರಿಂದ 4.9ಕ್ಕೆ ಇಳಿಯಿತು. ಅದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ಎಲ್‌ಎಲ್‌ಸಿ ಅನ್ನುವ ಸೀಮಿತ ಹೊಣೆಯ ಕಂಪನಿ, ಪಾಲುದಾರಿಕೆ, ಸ್ವಂತ ವ್ಯಾಪಾರ, ಇಂಥವುಗಳ ಮಾಲೀಕರಿಗೆ ವ್ಯಾಪಾರದಿಂದ ಬರುವ ಆದಾಯದ ಮೇಲೆ ರಾಜ್ಯದ ಆದಾಯ ತೆರಿಗೆ ಪೂರ್ತಿ ಮನ್ನಾ. ಸೊನ್ನೆ. ಇದು ಕ್ಯಾನ್ಸಸ್‌ನ ಆರ್ಥಿಕತೆಯ ಹೃದಯಕ್ಕೆ ಕೊಡುವ ಅಡ್ರಿನಲಿನ್ ಚುಚ್ಚುಮದ್ದು ಅಂತ ಅವರು ಬರೆದರು. ಟೀವಿಯಲ್ಲಿ ಕೂತು ಇದೊಂದು ನಿಜವಾದ ಪ್ರಯೋಗ ಅಂತಲೂ ಹೇಳಿದರು. ಆ ಪದ ಅವರದೇ, ನನ್ನದಲ್ಲ.

ಈ ಮನ್ನಾ ಅಂದರೆ ಏನು ಅಂತ ಹತ್ತಿರದಿಂದ ನೋಡಿ. ಒಂದು ವಕೀಲರ ಕಚೇರಿ ಇದೆ ಅಂದುಕೊಳ್ಳಿ, ಎಲ್‌ಎಲ್‌ಸಿ ಅಂತ ನೋಂದಣಿ ಆಗಿದೆ. ಒಳಗಿನ ಕೋಣೆಯಲ್ಲಿ ಕೂತಿರುವ ಮಾಲೀಕರಿಗೆ ಆ ಕಚೇರಿಯ ಲಾಭದ ಮೇಲೆ ರಾಜ್ಯಕ್ಕೆ ಒಂದು ಸೆಂಟ್ ಕಟ್ಟಬೇಕಾಗಿಲ್ಲ. ಹೊರಗಿನ ಮೇಜಿನಲ್ಲಿ ಕೂತು ಫೋನ್ ಎತ್ತುವ ಹುಡುಗಿ ತನ್ನ ಸಂಬಳದ ಮೇಲೆ ತೆರಿಗೆ ಕಟ್ಟುತ್ತಾಳೆ. ಒಂದೇ ಸೂರು, ಒಂದೇ ಬಾಗಿಲು, ಒಂದು ಕಣ್ಣಿಗೆ ಬೆಣ್ಣೆ ಇನ್ನೊಂದು ಕಣ್ಣಿಗೆ ಸುಣ್ಣ. ಸಹಜವಾಗಿಯೇ ಜನ ತಮ್ಮ ಆದಾಯವನ್ನು ಸಂಬಳ ಅಂತ ತೋರಿಸುವ ಬದಲು ವ್ಯಾಪಾರದ ಆದಾಯ ಅಂತ ತೋರಿಸಲು ಶುರು ಮಾಡಿದರು. ಸುಮಾರು 2 ಲಕ್ಷ ಮಾಲೀಕರಿಗೆ ಇದರ ಲಾಭ ಸಿಗಬಹುದು ಅಂತ ಅಂದಾಜಿತ್ತು. ಕೊನೆಗೆ ಆ ಸಂಖ್ಯೆ 3 ಲಕ್ಷ ದಾಟಿತು.

ಇನ್ನೊಂದು ಕಡೆ, ಬಡ ಕುಟುಂಬಗಳಿಗೆ ದಿನಸಿಯ ಮೇಲಿನ ಮಾರಾಟ ತೆರಿಗೆಯಲ್ಲಿ ಒಂದಿಷ್ಟು ವಾಪಸ್ ಬರುತ್ತಿತ್ತು. ಅದನ್ನು ಅದೇ ಕಾನೂನು ತೆಗೆದುಹಾಕಿತು. ಇದನ್ನು ಓದಿದಾಗ ನನಗೆ ನಿಜಕ್ಕೂ ಸಿಟ್ಟು ಬಂತು. ವಕೀಲರ ಲಾಭಕ್ಕೆ ಮನ್ನಾ, ಬ್ರೆಡ್ಡು ಹಾಲು ಕೊಳ್ಳುವವರಿಗೆ ಇದ್ದ ಚಿಕ್ಕ ಸಹಾಯಕ್ಕೆ ಕತ್ತರಿ.

ಆಮೇಲೆ ಏನಾಯಿತು? 2014ರ ಜೂನ್‌ಗೆ ಮುಗಿದ ಹಣಕಾಸು ವರ್ಷದಲ್ಲಿ ರಾಜ್ಯದ ತೆರಿಗೆ ವರಮಾನ ಹಿಂದಿನ ವರ್ಷಕ್ಕಿಂತ ಸುಮಾರು 70 ಕೋಟಿ ಡಾಲರ್ ಕುಸಿಯಿತು. ಚಿಕ್ಕ ರಾಜ್ಯ ಅದು, ಅಲ್ಲಿಗೆ ಅದು ದೊಡ್ಡ ಮೊತ್ತ. ಅದೇ ವರ್ಷ ಮೂಡೀಸ್, ಸ್ಟ್ಯಾಂಡರ್ಡ್ ಆಂಡ್ ಪೂರ್ಸ್ ಅನ್ನುವ ಎರಡೂ ರೇಟಿಂಗ್ ಸಂಸ್ಥೆಗಳು ರಾಜ್ಯದ ಸಾಲದ ರೇಟಿಂಗ್ ಇಳಿಸಿದವು. ರಸ್ತೆಗೆ ಇಟ್ಟ ದುಡ್ಡನ್ನು ಎತ್ತಿ ದಿನದ ಖರ್ಚಿಗೆ ಹಾಕಿಕೊಂಡರು. ಎಷ್ಟು ಸಲ ಅಂದರೆ ಸಾರಿಗೆ ಇಲಾಖೆಯನ್ನೇ ಜನ ಬ್ಯಾಂಕ್ ಅಂತ ಕರೆಯುವಷ್ಟು. 2015ರ ವಸಂತದಲ್ಲಿ ಕಾನ್ಕಾರ್ಡಿಯಾ, ಟ್ವಿನ್ ವ್ಯಾಲಿ ಅನ್ನುವ ಎರಡು ಕಡೆಯ ಶಾಲೆಗಳು ದುಡ್ಡಿಲ್ಲದೆ ವರ್ಷ ಮುಗಿಯುವ ಮೊದಲೇ ಬಾಗಿಲು ಹಾಕಿದವು. ಮಕ್ಕಳಿಗೆ ಬೇಸಿಗೆ ರಜೆ ಬೇಗ ಬಂತು. ಕೆಲಸಕ್ಕೆ ಹೋಗುವ ತಂದೆತಾಯಿಗೆ ಆ ದಿನಗಳಲ್ಲಿ ಮಗುವನ್ನು ಎಲ್ಲಿ ಬಿಡೋದು ಅನ್ನುವ ಚಿಂತೆ ಬಂತು.

ಹಳ್ಳ ತುಂಬಬೇಕಲ್ಲ, ಅದಕ್ಕೆ ಏನು ಮಾಡಿದರು ಗೊತ್ತಾ? ಮಾಲೀಕರ ಮನ್ನಾವನ್ನು ಮುಟ್ಟಲಿಲ್ಲ. 2015ರಲ್ಲಿ ಮಾರಾಟ ತೆರಿಗೆಯನ್ನು ಶೇ. 6.15ರಿಂದ 6.5ಕ್ಕೆ ಏರಿಸಿದರು. ಕ್ಯಾನ್ಸಸ್‌ನಲ್ಲಿ ಆಗ ದಿನಸಿಗೂ ಅದೇ ದರ. ನೂರು ಡಾಲರ್ ಸಾಮಾನು ಕೊಂಡರೆ ರಾಜ್ಯಕ್ಕೆ ಆರೂವರೆ ಡಾಲರ್, ಅದರ ಮೇಲೆ ಊರಿನದು, ಕೌಂಟಿಯದು ಬೇರೆ. ಮೊಟ್ಟೆಗೂ ಅಷ್ಟೇ, ಮಗುವಿನ ಹಾಲಿಗೂ ಅಷ್ಟೇ. ಸಿಗರೇಟಿನ ತೆರಿಗೆಯೂ ಪ್ಯಾಕಿಗೆ 50 ಸೆಂಟ್ ಏರಿತು. ತೆರಿಗೆ ಕಡಿತ ಅಂದರಲ್ಲ, ಹಾಗಲ್ಲ ಅದು. ತೆರಿಗೆಯ ಮೂಟೆಯನ್ನು ಒಬ್ಬರ ಹೆಗಲಿಂದ ಇಳಿಸಿ ಇನ್ನೊಬ್ಬರ ಹೆಗಲಿಗೆ ಹೊರಿಸಿದ್ದು.

ಬ್ರೌನ್‌ಬ್ಯಾಕ್ ಪರ ಇರುವವರು ಇದಕ್ಕೆ ಎರಡು ಉತ್ತರ ಕೊಡುತ್ತಾರೆ, ಅದನ್ನೂ ಹೇಳಬೇಕು. ಒಂದು, ಕಚ್ಚಾ ತೈಲದ ಬೆಲೆ ಕುಸಿದದ್ದರಿಂದ ರಾಜ್ಯ ಸೊರಗಿತು ಅಂತ. ತೈಲ ಬೆಲೆ ಬಿದ್ದದ್ದು ನಿಜ, ಆದರೆ ಅದು ಬಿದ್ದದ್ದು 2014ರ ದ್ವಿತೀಯಾರ್ಧದಲ್ಲಿ. ಖಜಾನೆ ಬರಿದಾಗಲು ಶುರುವಾದದ್ದು ಅದಕ್ಕಿಂತ ಮೊದಲು. ತಾರೀಖು ಜೋಡಿಸಿ ನೋಡಿದರೆ ಸಾಕು. ಎರಡನೆಯದು, ಖರ್ಚನ್ನೂ ಅಷ್ಟೇ ಕಡಿತ ಮಾಡಬೇಕಿತ್ತು, ಮಾಡಲಿಲ್ಲ, ಅದೇ ತಪ್ಪು ಅಂತ. ರಾಜ್ಯದ ಸಾಮಾನ್ಯ ನಿಧಿಯಲ್ಲಿ ಹತ್ತಿರ ಹತ್ತಿರ ಅರ್ಧ ಹೋಗುವುದು ಶಾಲೆಗಳಿಗೆ. ಅಲ್ಲಿ ಕೈ ಹಾಕದೆ ಅಷ್ಟು ದುಡ್ಡು ಉಳಿಸಲು ಆಗುವುದಿಲ್ಲ. ಶಾಲೆಗೆ ಕೊಡುವ ದುಡ್ಡು ರಾಜ್ಯದ ಸಂವಿಧಾನ ಕೇಳುವಷ್ಟೂ ಇಲ್ಲ ಅಂತ ಅಲ್ಲಿನ ಸುಪ್ರೀಂ ಕೋರ್ಟೇ 2017ರ ಮಾರ್ಚ್‌ನಲ್ಲಿ ಹೇಳಿತು.

ಇದಕ್ಕೆ ಕೊನೆ ಹಾಡಿದ್ದು ನಮ್ಮ ಪಕ್ಷ ಅಲ್ಲ, ಇದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. 2016ರ ಆಗಸ್ಟ್‌ನಲ್ಲಿ ರಿಪಬ್ಲಿಕನ್ ಪಕ್ಷದ ಒಳಗಿನ ಆಯ್ಕೆಯಲ್ಲೇ ಬ್ರೌನ್‌ಬ್ಯಾಕ್ ಪರವಿದ್ದ ಹಲವು ಶಾಸಕರು ಸೋತರು. ಬದಲಿಗೆ ಮಧ್ಯಮ ದಾರಿಯ ರಿಪಬ್ಲಿಕನ್ನರು ಬಂದರು. 2017ರಲ್ಲಿ ಆ ಶಾಸನಸಭೆ ತೆರಿಗೆ ಕಡಿತವನ್ನು ವಾಪಸ್ ತೆಗೆದುಕೊಳ್ಳುವ ಮಸೂದೆ ಮಾಡಿತು. ಗವರ್ನರ್ ವೀಟೋ ಹಾಕಿದರು. ಜೂನ್ 6ರಂದು ಎರಡೂ ಸದನಗಳು ಮೂರನೇ ಎರಡು ಬಹುಮತದಿಂದ ಆ ವೀಟೋವನ್ನು ತಳ್ಳಿಹಾಕಿದವು. ಕೆಳಮನೆಯಲ್ಲಿ 88ಕ್ಕೆ 31, ಸೆನೆಟ್‌ನಲ್ಲಿ 27ಕ್ಕೆ 13. ಎರಡು ವರ್ಷದಲ್ಲಿ ಸುಮಾರು 120 ಕೋಟಿ ಡಾಲರ್ ಮತ್ತೆ ಖಜಾನೆಗೆ ಬರುವ ಹಾಗಾಯಿತು. ಬಹುಮತ ಇದ್ದದ್ದು ಎರಡೂ ಸದನಗಳಲ್ಲಿ ರಿಪಬ್ಲಿಕನ್ನರಿಗೆ. ತಮ್ಮದೇ ಗವರ್ನರ್ ವಿರುದ್ಧ ನಿಂತು ಮತ ಹಾಕಿದ ಆ ಶಾಸಕರಿಗೆ ನಾನು ಕೈಮುಗಿಯುತ್ತೇನೆ. 2018ರಲ್ಲಿ ಕ್ರಿಸ್ ಕೋಬಾಕ್ ಮತ್ತೆ ಅದೇ ತೆರಿಗೆ ಕಡಿತದ ಮಾತು ಹಿಡಿದು ಗವರ್ನರ್ ಸ್ಥಾನಕ್ಕೆ ನಿಂತಾಗ, ರಿಪಬ್ಲಿಕನ್ನರ ಕೋಟೆಯಂಥ ಆ ರಾಜ್ಯದ ಜನ ಡೆಮಾಕ್ರಟ್ ಲಾರಾ ಕೆಲ್ಲಿಯನ್ನು ಗೆಲ್ಲಿಸಿದರು. ದಿನಸಿಯ ಮೇಲಿನ ರಾಜ್ಯ ತೆರಿಗೆ ಹಂತ ಹಂತವಾಗಿ ಇಳಿದು 2025ರ ಜನವರಿ 1ರಂದು ಸೊನ್ನೆಯಾಯಿತು.

ವಾಷಿಂಗ್ಟನ್ ಕಥೆ ಬೇಗ ಮುಗಿಸುತ್ತೇನೆ, ಯಾಕೆಂದರೆ ಅದೂ ಇದೇ ಹಾಡು, ಸ್ವಲ್ಪ ಜೋರಾಗಿ. ರೇಗನ್ ಕಾಲದಲ್ಲಿ ದೇಶದ ಸಾಲ ಹತ್ತಿರ ಹತ್ತಿರ ಮೂರು ಪಟ್ಟಾಯಿತು. ಕ್ಲಿಂಟನ್ ಕೊನೆಗೆ, 2000ದಲ್ಲಿ, 23,600 ಕೋಟಿ ಡಾಲರ್ ಮಿಗತೆ ಇತ್ತು. ಜಾರ್ಜ್ ಡಬ್ಲ್ಯು. ಬುಷ್ 2001ರಲ್ಲೂ 2003ರಲ್ಲೂ ತೆರಿಗೆ ಇಳಿಸಿದರು, ಜೊತೆಗೆ ಎರಡು ಯುದ್ಧ. 2004ರಲ್ಲಿ 41,300 ಕೋಟಿ ಕೊರತೆ. 2017ರಲ್ಲಿ ಟ್ರಂಪ್ ಅವರು ಕಂಪನಿಗಳ ತೆರಿಗೆಯನ್ನು ಶೇ. 35ರಿಂದ 21ಕ್ಕೆ ಇಳಿಸಿದರು. ಅದು ತನ್ನ ಖರ್ಚನ್ನು ತಾನೇ ದುಡಿದುಕೊಳ್ಳುತ್ತದೆ ಅಂದರು. 2017ರಲ್ಲಿ 66,500 ಕೋಟಿ ಇದ್ದ ಕೊರತೆ 2019ಕ್ಕೆ 98,400 ಕೋಟಿ ಆಯಿತು. ಅದೂ ಕೋವಿಡ್ ಇನ್ನೂ ಬಂದಿರಲಿಲ್ಲ, ನಿರುದ್ಯೋಗ ತೀರಾ ಕಡಿಮೆ ಇದ್ದ ಕಾಲ. ಅಂಥ ಒಳ್ಳೆಯ ಕಾಲದಲ್ಲೇ ಅಲ್ವಾ ಸಾಲ ತೀರಿಸಬೇಕಾದದ್ದು? 2025ರ ಜುಲೈ 4ರಂದು ಟ್ರಂಪ್ ಸಹಿ ಹಾಕಿದ, ತೆರಿಗೆ ಕಡಿತದ ದೊಡ್ಡ ಮಸೂದೆ ಹತ್ತು ವರ್ಷದಲ್ಲಿ ಕೊರತೆಗೆ 3.4 ಲಕ್ಷ ಕೋಟಿ ಡಾಲರ್ ಸೇರಿಸುತ್ತದೆ ಅಂತ ಸಂಸತ್ತಿನ ಬಜೆಟ್ ಕಚೇರಿಯೇ ಲೆಕ್ಕ ಹಾಕಿದೆ. ಅದು ಯಾವ ಪಕ್ಷಕ್ಕೂ ಸೇರಿದ ಕಚೇರಿ ಅಲ್ಲ.

ಸಾಲದ ಮಿತಿಯ ವಿಷಯ, ಅಂದರೆ ಕೇಂದ್ರ ಸರ್ಕಾರ ಎಷ್ಟರವರೆಗೆ ಸಾಲ ಮಾಡಬಹುದು ಅನ್ನೋದು, ಇದರ ಜೊತೆಗೇ ಇದೆ. ಒಬಾಮ ಅಧ್ಯಕ್ಷರಾಗಿದ್ದಾಗ 2011ರಲ್ಲಿ ಮಿತಿ ಏರಿಸಲು ರಿಪಬ್ಲಿಕನ್ನರು ಕೊನೆ ಗಳಿಗೆಯವರೆಗೂ ಬಿಡಲಿಲ್ಲ, ದೇಶದ ರೇಟಿಂಗೇ ಇಳಿಯಿತು. 2023ರಲ್ಲಿ ಬೈಡನ್ ಇದ್ದಾಗ ಮತ್ತೆ ಅದೇ ಪಟ್ಟು. 2025ರಲ್ಲಿ ಅದೇ ಪಕ್ಷ ಒಂದೇ ಏಟಿಗೆ ಮಿತಿಯನ್ನು 5 ಲಕ್ಷ ಕೋಟಿ ಡಾಲರ್ ಏರಿಸಿತು. ಸಾಲ ಕೆಟ್ಟದ್ದಾದರೆ ಯಾರ ಕಾಲದಲ್ಲೂ ಕೆಟ್ಟದ್ದೇ.

ಈಗ ಆರೋಗ್ಯ ವಿಮೆ. ನನ್ನ ಮನಸ್ಸಿಗೆ ಹತ್ತಿರವಾದ ವಿಷಯ ಇದು. ತೆರಿಗೆಯಲ್ಲಿ ದುಡ್ಡು ಹೋಗುತ್ತದೆ. ಇಲ್ಲಿ ಮನುಷ್ಯರೇ ಹೋಗುತ್ತಾರೆ.

2010ರ ಆರೋಗ್ಯ ಕಾನೂನು, ಎಲ್ಲರೂ ಒಬಾಮಕೇರ್ ಅನ್ನುತ್ತಾರಲ್ಲ, ಅದರ ಒಂದು ಅಂಶವನ್ನು ಎಲ್ಲ ಪಕ್ಷದ ಜನರೂ ಇಷ್ಟಪಡುತ್ತಾರೆ. ಮೊದಲೇ ಕಾಯಿಲೆ ಇದೆ ಅಂತ ವಿಮಾ ಕಂಪನಿ ಯಾರನ್ನೂ ತಿರುಗಿಸಿ ಕಳಿಸುವ ಹಾಗಿಲ್ಲ, ಅವರಿಂದ ಜಾಸ್ತಿ ಕಂತು ಕೀಳುವ ಹಾಗಿಲ್ಲ. 2017ರ ಮೇ 4ರಂದು ರಿಪಬ್ಲಿಕನ್ನರು ಈ ಕಾನೂನಿನ ಬುಡ ಕಡಿಯುವ ಮಸೂದೆಯನ್ನು ಸಂಸತ್ತಿನ ಕೆಳಮನೆಯಲ್ಲಿ 217–213ರಲ್ಲಿ ಪಾಸು ಮಾಡಿದರು. 2026ರ ಹೊತ್ತಿಗೆ ವಿಮೆ ಇಲ್ಲದವರ ಸಂಖ್ಯೆ 2.3 ಕೋಟಿ ಜಾಸ್ತಿಯಾಗುತ್ತದೆ ಅಂತ ಬಜೆಟ್ ಕಚೇರಿ ಆಮೇಲೆ ಹೇಳಿತು. ಜುಲೈ ಕೊನೆಯಲ್ಲಿ, ನಡುರಾತ್ರಿ ದಾಟಿದ ಮೇಲೆ, ಸೆನೆಟ್‌ನಲ್ಲಿ ಜಾನ್ ಮೆಕೇನ್ ಹೆಬ್ಬೆರಳು ಕೆಳಗೆ ಮಾಡಿ ಅವರ ಕೊನೆಯ ಪ್ರಯತ್ನವನ್ನು ಸೋಲಿಸಿದರು. ಸೂಸನ್ ಕಾಲಿನ್ಸ್, ಲೀಸಾ ಮರ್ಕೌಸ್ಕಿ ಕೂಡ ಬೇಡ ಅಂದಿದ್ದರು. ಮೂವರೂ ರಿಪಬ್ಲಿಕನ್ನರು.

ಅಲ್ಲಿಗೆ ಮುಗಿಯಲಿಲ್ಲ. 2018ರ ಫೆಬ್ರುವರಿಯಲ್ಲಿ ಟೆಕ್ಸಾಸ್ ಮುಂದಾಳತ್ವದಲ್ಲಿ 20 ರಾಜ್ಯಗಳು ಕೋರ್ಟಿಗೆ ಹೋದವು. ಇಡೀ ಕಾನೂನೇ ರದ್ದಾಗಬೇಕು ಅಂತ ಅವರ ಬೇಡಿಕೆ. ಇಡೀ ಕಾನೂನು ಅಂದರೆ ಕಾಯಿಲೆಯವರ ರಕ್ಷಣೆಯೂ ಸೇರಿ. ಆ ದಾವೆಗೆ ಸಹಿ ಹಾಕಿದವರಲ್ಲಿ ಮಿಸೌರಿಯ ಅಟಾರ್ನಿ ಜನರಲ್ ಜಾಶ್ ಹಾಲಿ ಒಬ್ಬರು. ಅದೇ ವರ್ಷ ಅವರು ಸೆನೆಟ್‌ಗೂ ಅಭ್ಯರ್ಥಿ. ಸೆಪ್ಟೆಂಬರ್‌ನಲ್ಲಿ ಅವರದೊಂದು ಟೀವಿ ಜಾಹೀರಾತು ಬಂತು. ತಮ್ಮ ಮನೆಯಲ್ಲೇ ಒಂದು ಮಗುವಿಗೆ ದೀರ್ಘಕಾಲದ ಕಾಯಿಲೆ ಇದೆ, ಕಾಯಿಲೆಯವರಿಗೆ ವಿಮೆ ಸಿಗಲೇಬೇಕು ಅನ್ನುವುದು ತಮ್ಮ ನಿಲುವು ಅಂತ. ತಂದೆಯಾಗಿ ಅವರ ನೋವು ನಿಜ, ಅದನ್ನು ನಾನು ಒಂದು ಕ್ಷಣವೂ ಅನುಮಾನಿಸುವುದಿಲ್ಲ. ಆದರೆ ಜಾಹೀರಾತು ಓಡುತ್ತಿದ್ದಾಗ ದಾವೆಯೂ ಓಡುತ್ತಿತ್ತು, ದಾವೆಯಲ್ಲಿ ಅವರ ರಾಜ್ಯದ ಹೆಸರೂ ಇತ್ತು. ಆ ದಾವೆ ಗೆದ್ದಿದ್ದರೆ ಅದೇ ಕಾಯಿಲೆ ಇರುವ ಬೇರೆ ಮಕ್ಕಳ ಗತಿ ಏನಾಗುತ್ತಿತ್ತು? ಡಿಸೆಂಬರ್‌ನಲ್ಲಿ, ಚುನಾವಣೆ ಮುಗಿದು ಹಾಲಿ ಗೆದ್ದ ಮೇಲೆ, ಟೆಕ್ಸಾಸ್‌ನ ನ್ಯಾಯಾಧೀಶರೊಬ್ಬರು ಇಡೀ ಕಾನೂನನ್ನು ಅಸಿಂಧು ಅಂದೇಬಿಟ್ಟರು. 2021ರಲ್ಲಿ ಸುಪ್ರೀಂ ಕೋರ್ಟ್ 7–2ರಲ್ಲಿ ದಾವೆಯನ್ನು ತಳ್ಳಿಹಾಕಿದ ಮೇಲೇ ಜನ ನಿಟ್ಟುಸಿರು ಬಿಟ್ಟದ್ದು.

2025ಕ್ಕೆ ಬನ್ನಿ. ಅದೇ ಜಾಶ್ ಹಾಲಿ ಮೇ ತಿಂಗಳಲ್ಲಿ ಪತ್ರಿಕೆಯೊಂದರಲ್ಲಿ ಲೇಖನ ಬರೆದರು. ಬಡವರ ಆರೋಗ್ಯ ವಿಮೆಯಾದ ಮೆಡಿಕೈಡ್‌ಗೆ ಕತ್ತರಿ ಹಾಕುವುದು ನೈತಿಕವಾಗಿ ತಪ್ಪು ಅಂದರು. ಓದಿ ನನಗೆ ಸಂತೋಷವಾಯಿತು, ನಿಜವಾಗಿ. ಜುಲೈ 1ರಂದು, ಆಗಲೇ ಹೇಳಿದೆನಲ್ಲ, ಅದೇ ದೊಡ್ಡ ಮಸೂದೆ ಸೆನೆಟ್‌ನಲ್ಲಿ ಮತಕ್ಕೆ ಬಂತು, ಅದರಲ್ಲಿ ಮೆಡಿಕೈಡ್‌ಗೆ ಭಾರಿ ಕತ್ತರಿಯೂ ಇತ್ತು. 50–50 ಆಗಿ ಉಪಾಧ್ಯಕ್ಷರು ಬಂದು ಮತ ಹಾಕಬೇಕಾಯಿತು. ಜಾಶ್ ಹಾಲಿ ಆ ಮಸೂದೆಯ ಪರ ಮತ ಹಾಕಿದರು. ಒಂದೇ ಒಂದು ಮತ ಆಚೆ ಹೋಗಿದ್ದರೂ ಮಸೂದೆ ಬೀಳುತ್ತಿತ್ತು. ಎರಡು ವಾರ ಕಳೆಯುವಷ್ಟರಲ್ಲಿ ಅದೇ ಕತ್ತರಿಯ ಕೆಲವು ಭಾಗ ರದ್ದಾಗಬೇಕು ಅಂತ ತಾವೇ ಇನ್ನೊಂದು ಮಸೂದೆ ತಂದರು. ಮಗುವನ್ನೂ ಚಿವುಟಿ ತೊಟ್ಟಿಲನ್ನೂ ತೂಗುವುದು ಅಂದರೆ ಇದೇ.

ಮಿಸೌರಿಯ ಜನರ ಮನಸ್ಸು ಏನಿತ್ತು ಅಂತ ಕೇಳಿದರೆ, ಅವರು 2020ರಲ್ಲೇ ಹೇಳಿದ್ದರು. ಮೆಡಿಕೈಡ್ ವಿಸ್ತರಣೆ, ಅಂದರೆ ಇನ್ನಷ್ಟು ಬಡವರಿಗೆ ಆ ವಿಮೆ ಸಿಗುವ ವ್ಯವಸ್ಥೆ, ಬೇಕು ಅಂತ ನೇರ ಮತದಾನದಲ್ಲಿ ಗೆಲ್ಲಿಸಿದ್ದರು. ಶಾಸನಸಭೆ ದುಡ್ಡು ಕೊಡಲು ಒಪ್ಪಲಿಲ್ಲ, ರಾಜ್ಯದ ಸುಪ್ರೀಂ ಕೋರ್ಟ್ ಹೇಳಬೇಕಾಯಿತು. ಮೇನ್ ರಾಜ್ಯದಲ್ಲೂ ಇದೇ ಕಥೆ. ಗವರ್ನರ್ ಪಾಲ್ ಲೆಪೇಜ್ ವಿಸ್ತರಣೆಗೆ ಐದು ಸಲ ವೀಟೋ ಹಾಕಿದರು. 2017ರ ನವೆಂಬರ್‌ನಲ್ಲಿ ಜನರೇ ಮತ ಹಾಕಿ ಗೆಲ್ಲಿಸಿದರೂ ಜಾರಿ ಮಾಡಲಿಲ್ಲ. 2019ರ ಜನವರಿಯಲ್ಲಿ ಜಾನೆಟ್ ಮಿಲ್ಸ್ ಗವರ್ನರ್ ಆದ ಮೊದಲ ದಿನವೇ ಜಾರಿಗೆ ಆದೇಶ ಕೊಟ್ಟರು. ಐಡಾಹೊ, ಯೂಟಾ, ನೆಬ್ರಾಸ್ಕ, ಒಕ್ಲಹೋಮ, ಸೌತ್ ಡಕೋಟ, ಎಲ್ಲ ಕಡೆ ಜನರೇ ಮತ ಹಾಕಿ ತಂದದ್ದು. ಈ ಐದೂ ಟ್ರಂಪ್ ಗೆದ್ದ ರಾಜ್ಯಗಳು. ಸಂಪ್ರದಾಯವಾದಿ ಮತದಾರರ ಮೇಲೆ ನನಗೆ ಸಿಟ್ಟಿಲ್ಲ ಅನ್ನುವುದು ಇದಕ್ಕೇ. ಅವರು ಪಕ್ಕದ ಮನೆಯವರ ಕಷ್ಟ ನೋಡಿ ಮತ ಹಾಕಿದ್ದಾರೆ. ಅವರು ಆರಿಸಿ ಕಳಿಸಿದವರು ಅವರ ಮಾತು ಕೇಳುತ್ತಿಲ್ಲ.

ಮಾತು ಮುಗಿದ ಮೇಲೆ ಮುಂದಿನ ಸಾಲಿನಲ್ಲಿ ಕೂತಿದ್ದ ಹಿರಿಯರೊಬ್ಬರು ಎದ್ದು ಕೇಳಿದರು. "ನಿಮ್ಮವರು ಸುಳ್ಳೇ ಹೇಳಿಲ್ಲವಾ?" ಅಂತ. ಹೇಳಿದ್ದಾರೆ. ಇಷ್ಟವಾದ ವಿಮೆಯನ್ನು ಹಾಗೇ ಇಟ್ಟುಕೊಳ್ಳಬಹುದು ಅಂತ ಒಬಾಮ ಮತ್ತೆ ಮತ್ತೆ ಹೇಳಿದರು. 2013ರಲ್ಲಿ ಲಕ್ಷಾಂತರ ಜನರಿಗೆ ನಿಮ್ಮ ಪಾಲಿಸಿ ರದ್ದು ಅಂತ ಪತ್ರ ಬಂತು. ಅದು ತಪ್ಪು, ಆ ಟೀಕೆ ನ್ಯಾಯವಾದದ್ದು, ಅದಕ್ಕೆ ಅವರು ಕ್ಷಮೆಯನ್ನೂ ಕೇಳಬೇಕಾಯಿತು. ಹಾಗೇ ಆ ಕಡೆಯವರ ಒಳ್ಳೆಯದನ್ನೂ ಹೇಳುತ್ತೇನೆ. ಬುಷ್ 2003ರಲ್ಲಿ ಶುರು ಮಾಡಿದ ಏಡ್ಸ್ ಪರಿಹಾರ ಯೋಜನೆ ಆಫ್ರಿಕದಲ್ಲಿ ಲಕ್ಷ ಲಕ್ಷ ಜೀವ ಉಳಿಸಿತು. ಮಿಟ್ ರಾಮ್ನಿ ಗವರ್ನರ್ ಆಗಿದ್ದಾಗ 2006ರಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ತಂದ ಆರೋಗ್ಯ ಕಾನೂನೇ ಒಬಾಮಕೇರ್‌ಗೆ ಮಾದರಿ. ನನಗೆ ನೋವಾಗೋದು, 2012ರಲ್ಲಿ ಅಧ್ಯಕ್ಷ ಸ್ಥಾನಕ್ಕೆ ನಿಂತಾಗ ಅವರು ತಮ್ಮ ಅತ್ಯುತ್ತಮ ಕೆಲಸದಂಥದ್ದೇ ಕಾನೂನನ್ನು ಮೊದಲ ದಿನವೇ ಕಿತ್ತುಹಾಕಲು ಶುರು ಮಾಡುತ್ತೇನೆ ಅಂತ ಹೇಳಬೇಕಾಯಿತಲ್ಲ, ಅದಕ್ಕೆ.

ಇನ್ನೊಬ್ಬರು, ಕಾಲೇಜು ಹುಡುಗಿ, ಇದನ್ನೆಲ್ಲ ನಾನೇ ಹೇಗೆ ನೋಡೋದು ಅಂತ ಕೇಳಿದಳು. ಕಷ್ಟವಿಲ್ಲ. ಅಮೆರಿಕದ ಸಂಸತ್ತಾದ ಕಾಂಗ್ರೆಸ್‌ನ ಎರಡೂ ಸದನಗಳು ಹೆಸರು ಕರೆದು ಮಾಡಿದ ಪ್ರತಿ ಮತದಾನದ ಪಟ್ಟಿಯನ್ನೂ ಹಾಕುತ್ತವೆ. ರಾಜ್ಯಗಳ ಶಾಸನಸಭೆಗಳೂ ಹಾಕುತ್ತವೆ. ಒಬ್ಬ ಅಭ್ಯರ್ಥಿಯನ್ನು ಹಿಡಿದುಕೊ, ಒಂದೇ ಒಂದು ವಿಷಯ ಹಿಡಿದುಕೊ, ಹತ್ತು ವರ್ಷದ ಮತ ಬರೆದುಕೊ, ಪಕ್ಕದಲ್ಲಿ ಆಯಾ ವರ್ಷದ ಅವರ ಜಾಹೀರಾತಿನ ಮಾತು ಬರೆದುಕೊ ಅಂತ ಹೇಳಿದೆ. ಡೆಮಾಕ್ರಟರನ್ನೂ ಹೀಗೇ ನೋಡು ಅಂತಲೂ ಹೇಳಿದೆ.

ಎಲ್ಲಿಂದ ಶುರು ಮಾಡಲಿ ಅಂದಳು. ಕ್ಯಾನ್ಸಸ್‌ನಿಂದಲೇ ಶುರು ಮಾಡು ಅಂದೆ. 2017ರ ವಸಂತದಲ್ಲಿ ಅಲ್ಲಿನ ರಿಪಬ್ಲಿಕನ್ ಶಾಸನಸಭೆ ಮೆಡಿಕೈಡ್ ವಿಸ್ತರಣೆಯನ್ನೂ ಪಾಸು ಮಾಡಿತ್ತು, ಬ್ರೌನ್‌ಬ್ಯಾಕ್ ಅದಕ್ಕೂ ವೀಟೋ ಹಾಕಿದ್ದರು. ಆ ವೀಟೋ ತಳ್ಳಿಹಾಕಲು ಕೆಳಮನೆಯಲ್ಲಿ 84 ಮತ ಬೇಕಿತ್ತು, ಬಿದ್ದದ್ದು 81. ಮೂರು ಮತ ಸಾಲಲಿಲ್ಲ. ಬೇಡ ಅಂದ 44 ಜನರ ಹೆಸರು ಆ ಪಟ್ಟಿಯಲ್ಲಿದೆ. ಅವರಲ್ಲಿ ಯಾರು ಯಾರು ಆಮೇಲೆ ಮತ್ತೆ ಮತ ಕೇಳಿಕೊಂಡು ಬಂದರು, ಬಂದಾಗ ಆಸ್ಪತ್ರೆಯ ಬಗ್ಗೆ ಏನು ಹೇಳಿದರು, ಹುಡುಕಿ ನೋಡು ಅಂದೆ. ನೋಟ್‌ಬುಕ್‌ನಲ್ಲಿ 84, 81, 44 ಅಂತ ಬರೆದುಕೊಂಡು ಹೋದಳು.